ನಾನು ಹಾಕಿಕೊಟ್ಟ ಬೆಟ್ಟದ ದಾರಿ

ಇಲ್ಲಿ ಬರೆಯುತ್ತಿರುವುದರಲ್ಲಿ ಒಂದೆರಡು ವಿವರ ತಪ್ಪಿರಬಹುದು. ಟ್ರಕ್ಕು ಬಿಳಿಯದೋ ಹಳದಿಯದೋ, ಅಂದು ಬುಧವಾರವೋ ಗುರುವಾರವೋ, ಆಣೆ ಮಾಡಿ ಹೇಳಲಾರೆ. ದಾರಿ ಹಾಕಿಕೊಟ್ಟವಳು ನಾನೇ ಎಂಬುದು ಮಾತ್ರ ಖಚಿತ. ಅದಕ್ಕೆ ನನ್ನ ಕೈಬರಹದ ಸಾಕ್ಷಿಯಿದೆ.

ತಮ್ಮ ರಘುವಿಗೆ ಸ್ಯಾನ್ ಹೊಸೆಯ ಆಫೀಸಿನ ಕೆಲಸ ಹೋಗಿ ಏಳು ತಿಂಗಳಾಗಿತ್ತು. ಕೊನೆಗೆ ಅಲ್ಲೇ ಹತ್ತಿರದ ನೆವಾರ್ಕ್ ಊರಿನ ಒಂದು ಗೋದಾಮಿನಲ್ಲಿ ಟ್ರಕ್ಕು ಓಡಿಸುವ ಕೆಲಸ ಹಿಡಿದ. ಮೊದಲ ಲೋಡು, ಸಿಯೆರಾ ಬೆಟ್ಟಗಳ ಆಚೆಯ ಪುಟ್ಟ ಊರೊಂದರ ಶಾಲೆಗೆ ಹೀಟರುಗಳು. ಜನವರಿ ತಿಂಗಳು. ‘ದಾರಿ ನೀನೇ ನೋಡಿಕೋ. ಸಂಜೆ ನಾಲ್ಕರೊಳಗೆ ತಲುಪಿಸಿದರೆ ಆ ರೂಟು ಕಾಯಂ ಆಗಿ ನಿನಗೇ’ ಎಂದಿದ್ದರಂತೆ ಮಾಲೀಕರು. ಏಳು ತಿಂಗಳಲ್ಲಿ ಮೊದಲ ಸಲ ಅವನು ನಗುತ್ತಾ ಊಟ ಮಾಡಿದ.

ನಾನೋ, ಆಫೀಸಿನಲ್ಲಿ ಇಡೀ ಪ್ರಾಜೆಕ್ಟುಗಳನ್ನೇ ಪ್ಲಾನ್ ಮಾಡುವವಳು. ಒಂದು ದಾರಿಯನ್ನು ಪ್ಲಾನ್ ಮಾಡಲಾರೆನೇ?

“ಫ್ರೀವೇಲಿ ಹೋಗ್ಬೇಡ ಕಣೋ. ಹಿಮ ಬಿದ್ರೆ ಎಲ್ಲರೂ ಅಲ್ಲೇ ಸಿಕ್ಕಾಕೊಳ್ಳೋದು. ಆರು ವರ್ಷದ ಹಿಂದೆ ಟ್ರಿಪ್ ಹೋಗಿದ್ವಲ್ಲ, ಆ ಬೆಟ್ಟದ ರಸ್ತೆ ಹಿಡಿ. ಒಂದು ಕೆರೆ ಬರುತ್ತೆ, ಆಮೇಲೆ ಎರಡು ತಿರುವು, ಇಳಿದ್ರೆ ಊರೇ!”

“ಅದು ಜುಲೈಲಿ ಕಣೇ” ಎಂದರು ನನ್ನ ಯಜಮಾನರು.

“ರಸ್ತೆ ಜುಲೈಲೂ ರಸ್ತೇನೇ, ಜನವರೀಲೂ ರಸ್ತೇನೇ!”

“ದೇವಸ್ಥಾನಕ್ಕೆ ಹೋಗೋಕೂ ನಿಂಗೆ ಫೋನ್ ದಾರಿ ಹೇಳ್ಬೇಕು.”

ಈ ಆಕ್ಷೇಪಣೆಯನ್ನು ಸಭೆಯು ತಳ್ಳಿಹಾಕಿತು. ರಘು ಏನೋ ಹೇಳಲು ಬಾಯಿ ತೆರೆದ. ನನ್ನ ಮುಖ ನೋಡಿ, “ಸರಿ ಅಕ್ಕ” ಎಂದ.

ಮೂರು ಪುಟ ಬರೆದೆ. ಚಪಾತಿ ತಿನ್ನಬೇಕಾದ ಸಮಯ, ಫ್ಲಾಸ್ಕಿನ ಕಾಫಿ ಕುಡಿಯಬೇಕಾದ ಸಮಯ ಸಹಿತ. ಒದ್ದೆಯಾಗಬಾರದೆಂದು ಲ್ಯಾಮಿನೇಟ್ ಮಾಡಿಸಿದೆ. ಹಿಮದಲ್ಲಿ ಚಕ್ರಕ್ಕೆ ಸುತ್ತುವ ಸರಪಳಿಯನ್ನೂ ನಾನೇ ಕೊಂಡುತಂದೆ. ಹೊರಡುವ ಬೆಳಿಗ್ಗೆ ಗೋದಾಮಿಗೆ ಹೋಗಿ ಮುಂದಿನ ಚಕ್ರಗಳ ಕೆಳಗೆ ನಿಂಬೆಹಣ್ಣು ಇಟ್ಟೆ. ಎರಡೂ ಪಚಕ್ಕೆಂದವು. ಅಂದು ನನ್ನ ಯೋಜನೆಯಂತೆ ನಡೆದದ್ದು ಅದೊಂದೇ.

ಹತ್ತೂವರೆಗೆ ರಘು ಫೋನ್ ಮಾಡಿದ. “ಅಕ್ಕ, ಮ್ಯಾಪು ವಾಪಸ್ ಹೋಗು ಅಂತಿದೆ.”

“ಆಫ್ ಮಾಡೋ! ಅದಕ್ಕೇನು ಗೊತ್ತು? ಅದು ನಮ್ಮ ಜೊತೆ ಟ್ರಿಪ್ಪಿಗೆ ಬಂದಿತ್ತಾ?”

ಮತ್ತೆ ಅವನ ಸುದ್ದಿ ಬಂದದ್ದು ಎರಡು ಗಂಟೆಗೆ, ಒಂದು ಫೋಟೋದ ರೂಪದಲ್ಲಿ. ರಸ್ತೆಗೆ ಅಡ್ಡಲಾಗಿ ಕಬ್ಬಿಣದ ಗೇಟು. ಅದರಾಚೆ ಆಳೆತ್ತರದ ಹಿಮ. ರಸ್ತೆ ತೆರೆಯುವುದು ಬೇಸಿಗೆಗೆ ಎಂಬ ಬೋರ್ಡು.

“ಸರಪಳಿ ಹಾಕ್ಕೊಂಡ್ಯಾ?” ಫೋನ್ ಮಾಡಿ ಕೇಳಿದೆ.

“ಅದು ಅರ್ಧ ಚಕ್ರಕ್ಕೂ ಬರ್ಲಿಲ್ಲ ಅಕ್ಕ.”

ನಾನು ಅಳತೆ ತೆಗೆದುಕೊಂಡಿದ್ದು ನಮ್ಮ ಕಾರಿನ ಚಕ್ರದ್ದು!

ತಿರುಗಿಸಲು ಜಾಗವಿಲ್ಲದೆ ಅವನು ಅರ್ಧ ಮೈಲಿ ಹಿಂದಕ್ಕೇ ಓಡಿಸಿದ್ದ. ಹಿಮ ತೆಗೆಯುವ ಗಾಡಿಯವನೊಬ್ಬ ಕೈಸನ್ನೆ ಮಾಡುತ್ತಾ ದಾರಿ ತೋರಿಸಿದನಂತೆ.

“ಯಾರು ನಿಂಗೆ ಈ ದಾರಿ ಹೇಳಿದ್ದು ಅಂತ ಕೇಳ್ದ.”

“ನೀನೇನಂದೆ?”

“ಮ್ಯಾಪು ಅಂದೆ.”

ಸುತ್ತಿಕೊಂಡು ಫ್ರೀವೇ ಹಿಡಿದು ಅವನು ಶಾಲೆ ಮುಟ್ಟಿದ್ದು ಮರುದಿನ ಬೆಳಿಗ್ಗೆ. ಫ್ರೀವೇಯಲ್ಲಿ ಒಂದು ಚೂರು ಹಿಮವೂ ಇರಲಿಲ್ಲವಂತೆ. ಮಕ್ಕಳು ಇನ್ನೂ ಒಂದು ದಿನ ಕೋಟು ಹಾಕಿಕೊಂಡು ಪಾಠ ಕೇಳಿದರು. ರೂಟು ಬೇರೊಬ್ಬ ಡ್ರೈವರಿಗೆ ಹೋಯಿತು. ರಘು ಈಗ ಗೋದಾಮಿನಲ್ಲಿ ಪೆಟ್ಟಿಗೆ ಎತ್ತುತ್ತಾನೆ. “ಪರವಾಗಿಲ್ಲ ಬಿಡಕ್ಕ” ಎನ್ನುತ್ತಾನೆ. ಬೈದಿದ್ದರೆ ವಾಸಿಯಿತ್ತು.

ಕೆರೆಯಾದರೂ ಇತ್ತೆಂದು ಸಾಬೀತು ಮಾಡಲು ಮೊನ್ನೆ ಭಾನುವಾರ ಆ ಟ್ರಿಪ್ಪಿನ ಫೋಟೋಗಳನ್ನು ತೆರೆದೆ. ಕೆರೆ ಎಲ್ಲೂ ಇಲ್ಲ. ಒಂದು ಫೋಟೋದಲ್ಲಿ ರಘು ಸ್ಟಿಯರಿಂಗ್ ಹಿಡಿದಿದ್ದಾನೆ, ಹಿಂದಿನ ಸೀಟಿನಲ್ಲಿ ನಾನು ಬಾಯಿ ತೆರೆದು ಮಲಗಿದ್ದೇನೆ. ಮುಂದಿನದರಲ್ಲಿ ಕಿಟಕಿಯಾಚೆಯ ಬೆಟ್ಟ ಬದಲಾಗಿದೆ. ನನ್ನ ಬಾಯಿ ಬದಲಾಗಿಲ್ಲ.

“ನಿನ್ನ ಕೆರೆ ಇಲ್ಲೇ ಮನೆ ಹತ್ರದ ಫಾಸ್ಟರ್ ಸಿಟೀದಿರ್ಬೇಕು” ಎಂದರು ಯಜಮಾನರು. “ವಾಪಸ್ ಬರ್ತಾ ನಿನ್ನ ಎಬ್ಬಿಸಿದ್ದೇ ಅಲ್ಲಿ.”

ಅಂದರೆ ಆ ರಸ್ತೆಯನ್ನು ಪೂರ್ತಿ ಕಂಡವನು ರಘು. ನಾನು ಕಂಡದ್ದು ಕನಸು.

ಆ ಸಂಜೆ ಅವನು ಊಟಕ್ಕೆ ಬಂದಾಗ ಕೇಳಿಯೇಬಿಟ್ಟೆ. “ಅವತ್ತು ಗಾಡಿ ಓಡಿಸಿದ್ದು ನೀನು. ನಾನು ನಿದ್ದೆ ಮಾಡ್ತಿದ್ದೆ ಅಂತ ಗೊತ್ತಿದ್ದೂ, ನಾನು ಹೇಳಿದ ದಾರೀಲಿ ಯಾಕೋ ಹೋದೆ?”

ರಘು ತಟ್ಟೆ ಮುಂದಕ್ಕೆ ತಳ್ಳಿದ.

“ಪಲ್ಯ ಇನ್ನೊಂಚೂರು ಹಾಕಕ್ಕ.”