ನನಗೂ ಒಂದು ಬಸ್ಸು ಬೇಕಿತ್ತು

ಆಫೀಸಿನ ಎದುರಿಗೇ ಮನೆ ಹಿಡಿದವನಷ್ಟು ದಡ್ಡ ಲೋಕದಲ್ಲಿ ಇನ್ನೊಬ್ಬನಿಲ್ಲ. ಕೂಡ್ಲಿಗಿಯಲ್ಲಿ ಹಾಗೆ ಮನೆ ಹಿಡಿದು ವರ್ಷಗಟ್ಟಲೆ ಬಾಳಿದವನು ನಾನು. ಮೊಬೈಲು ಇನ್ನೂ ಊರಿಗೆ ಕಾಲಿಡದ ದಿನಗಳವು. ಬಿತ್ತನೆ ಬೀಜ ಮಾರುವ ನಮ್ಮ ಕಂಪನಿಯ ಶಾಖೆಗೆ ಮ್ಯಾನೇಜರು ಹೊಸಪೇಟೆಯಿಂದ ಬರುತ್ತಿದ್ದರು, ಗುಮಾಸ್ತ ಕೊಟ್ರೇಶಿ ಕೊಟ್ಟೂರಿನಿಂದ. ಐದು ಹೊಡೆದರೆ ಸಾಕು, ಇಬ್ಬರಿಗೂ ಬಸ್ಸು ನೆನಪಾಗುತ್ತಿತ್ತು. ಬಸ್ಸೆಂದರೆ ದೇವರಿದ್ದಂತೆ, ಅದರ ಹೆಸರೆತ್ತಿದ ಮೇಲೆ ಯಾರೂ ಎದುರಾಡುವಂತಿಲ್ಲ. "ನಿಮ್ದೇನ್ ಬಿಡ್ರಿ ಬಸಣ್ಣ, ಮನಿ ಇಲ್ಲೇ ಐತಿ" ಎಂದು ಕೊಟ್ರೇಶಿ ಚೀಲವನ್ನು ಹೆಗಲಿಗೇರಿಸಿದನೆಂದರೆ, ಸಂಜೆ ಬರುವ ಬೀಜದ ಲಾರಿಯೂ ಗೋದಾಮಿನ ಕೀಲಿಕೈಯೂ ನನ್ನ ಪಾಲಿಗೆ. ನಿಷ್ಠೆಗೆ ಹೆಸರಾದೆ, ನಿಜ. ಆದರೆ ಆ ನಿಷ್ಠೆಯಲ್ಲಿ ಅರ್ಧದಷ್ಟು ಬಸ್ಸಿಲ್ಲದ್ದರಿಂದ ಹುಟ್ಟಿದ್ದು.

ನನ್ನ ಹೆಂಡತಿ ಗೌರಿಗೆ ಒಂದೇ ಆಸೆ: ಹೆಂಚಿನಿಂದ ತೆಗೆದ ಜೋಳದ ರೊಟ್ಟಿಯನ್ನು, ಅದರ ಉಬ್ಬು ಇಳಿಯುವ ಮೊದಲೇ ನಾನು ತಿನ್ನುವುದನ್ನು ನೋಡಬೇಕು. ಮೊದಲ ತುತ್ತಿಗೇ ಲಾರಿ ಹಾರ್ನ್ ಹೊಡೆಯುತ್ತಿತ್ತು. ನಾನು ಮರಳುವಷ್ಟರಲ್ಲಿ ರೊಟ್ಟಿ ಹಪ್ಪಳವಾಗಿರುತ್ತಿತ್ತು. ಒಂದು ದಿನ ರೊಟ್ಟಿ ತಟ್ಟುತ್ತಲೇ ತೀರ್ಪು ಕೊಟ್ಟಳು: "ಹಗರಿಬೊಮ್ಮನಹಳ್ಳ್ಯಾಗ ನಮ್ಮಪ್ಪಾರ ಓಣ್ಯಾಗ ಮನಿ ಖಾಲಿ ಐತಿ. ಅಲ್ಲಿಗೇ ಹೋಗೂಣು. ನಿಮಗೂ ಒಂದು ಬಸ್ಸಾಗ್ತೈತಿ."

ಹೋದೆವು. ಮೊದಲ ಸಂಜೆ ಎಲ್ಲರಿಗಿಂತ ಮುಂಚೆ ಎದ್ದು, "ನನ್ನ ಬಸ್ಸಿನ ಹೊತ್ತಾತ್ರಿ" ಎಂದೆ. ಮ್ಯಾನೇಜರು ಕನ್ನಡಕ ತೆಗೆದು ನೋಡಿದರು. ಬಿಸಿರೊಟ್ಟಿ ನೆನೆಯುತ್ತ ಬಸ್‌ಸ್ಟ್ಯಾಂಡಿನಲ್ಲಿ ಕೂತೆ. ಅವರಿಬ್ಬರ ಬಸ್ಸುಗಳು ಬಂದು ಹೋದವು. ನನ್ನದು ಬರಲಿಲ್ಲ. ಬಂದವನು ನಮ್ಮ ಲಾರಿಯ ಡ್ರೈವರು, ನನ್ನನ್ನೇ ಹುಡುಕಿಕೊಂಡು.

"ಬಸಣ್ಣಾರ, ಮುಗಲ ನೋಡ್ರಿ! ಬೀಜ ತೋಯ್ದ್ರ ಲಾರ್ಯಾಗ ಮೊಳಕಿ ಬರ್ತಾವ."

ಮೋಡ ಕವಿದಿತ್ತು. ಕೀಲಿಕೈ ಅಭ್ಯಾಸಬಲದಿಂದ ನನ್ನ ಜೇಬಿನಲ್ಲೇ ಉಳಿದಿತ್ತು. ಹೇಗೂ ಬಸ್ಸು ಬಂದಿಲ್ಲವಲ್ಲ ಎಂದು ಎದ್ದೆ. ಚೀಲಗಳೆಲ್ಲ ಒಳಗೆ ಸೇರುವಷ್ಟರಲ್ಲಿ, ಜೀವಮಾನದಲ್ಲಿ ನನಗೆ ಸಿಕ್ಕ ಮೊದಲ ಬಸ್ಸು ನನ್ನನ್ನು ಬಿಟ್ಟು ಹೋಗಿತ್ತು.

ಮುಂದಿನದನ್ನು ಹಿಡಿದು ಮನೆ ಸೇರಿದೆ. "ಬಸ್ಸು ತಡಾ ಆತೇನ್ರಿ?" ಎಂದಳು ಗೌರಿ.

"ಹ್ಞೂಂ."

ಬೀಜಕ್ಕೆ ಬಳಿದ ಔಷಧಿಯ ಗುಲಾಬಿ ಪುಡಿ ನನ್ನ ಅಂಗಿಯ ತುಂಬ ಮೆತ್ತಿತ್ತು. ಆಕೆ ಅದನ್ನೇ ನೋಡಿದಳು. "ಬಸ್ಸಿನ್ಯಾಗ ಓಕುಳಿ ಆಡಿದ್ರೇನು?"

ನಾನು ಅಂಗಿ ಕೊಡವತೊಡಗಿದೆ. ಆಕೆ ಒದ್ದೆ ಬಟ್ಟೆ ಸರಿಸಿ, ಎತ್ತಿಟ್ಟಿದ್ದ ಒಂದೇ ಒಂದು ಹಿಟ್ಟಿನುಂಡೆ ತೆಗೆದು ತಟ್ಟತೊಡಗಿದಳು. ಬಸ್ಸಿದ್ದರೂ ನಾನು ತಡವಾಗೇ ಬರುವವನೆಂದು ಬಲ್ಲವಳು. ರೊಟ್ಟಿ ಉಬ್ಬಿತು, ಉಬ್ಬಿದ್ದಾಗಲೇ ತಿಂದೆ. "ಅಲ್ಲೇ ಇದ್ದಿದ್ರ ಗೋದಾಮಿಗೇ ತಂದು ತಿನಿಸ್ತಿದ್ದೆ, ಈ ಮನಿ ಬಾಡಿಗಿ ದಂಡ ಆತು" ಎಂದು ನಕ್ಕಳು.

ನನಗೆ ನಾಚಿಕೆಯಾಗಬೇಕಿತ್ತು. ಅದರ ಬದಲು, ಆಫೀಸಿನ ಎದುರಿನ ನಮ್ಮ ಹಳೇ ಮನೆ ಇನ್ನೂ ಯಾರಿಗೂ ಹೋಗಿಲ್ಲವಲ್ಲ ಎಂಬುದು ನೆನಪಾಯಿತು.