ಅರವತ್ತನಾಲ್ಕು ಹಲ್ಲಿಗಳನ್ನು ಒಂದಕ್ಕೆ ಇಳಿಸಿಕೊಡುವ ಕುರಿತು

ಇಂದ:
ನಾಲ್ಕನೇ ವರ್ಷದ ಸಂಶೋಧನಾ ವಿದ್ಯಾರ್ಥಿ (ಮುಂದೆ ‘ಅರ್ಜಿದಾರ’ ಎಂದು ಕರೆಯಲ್ಪಡುವವನು),
ಚಿಕ್ಕಮ್ಮನ ಹೊಲಿಗೆ ಅಂಗಡಿಯ ಹಿಂದಿನ ಕೋಣೆ.

ಗೆ:
ಅಧ್ಯಕ್ಷರು, ಪೋಸ್ಟರ್ ಸಮಿತಿ,
ಮನೆಯೊಳಗಿನ ಜೀವಿಗಳ ಕುರಿತ ಆನ್‌ಲೈನ್ ವಿಜ್ಞಾನ ಸಮ್ಮೇಳನ
(ತಮಗೆ ಕಟ್ಟಡ ಇಲ್ಲದ್ದರಿಂದ ಲಿಂಕ್ ಮೂಲಕ).

ವಿಷಯ: ಪೋಸ್ಟರ್ ಸಂಖ್ಯೆ 118ರಲ್ಲಿರುವ ಅರವತ್ತನಾಲ್ಕು ಹಲ್ಲಿಗಳ ಪೈಕಿ ಅರವತ್ತಮೂರನ್ನು ಹಿಂಪಡೆಯಲು ಅನುಮತಿ ಕೋರಿ.

ಉಲ್ಲೇಖ: 1. ತಮ್ಮ ಸುತ್ತೋಲೆಯ ಒಂಬತ್ತನೇ ನಿಯಮ.
2. ಅರ್ಜಿದಾರನ ಚಿಕ್ಕಮ್ಮನ ಮೌಖಿಕ ಆದೇಶ, ಮೊನ್ನೆ ಸಂಜೆ, ಹೊಲಿಗೆ ಯಂತ್ರದ ಬಳಿ.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ಕೆಳಗಿನ ಸಂಗತಿಗಳನ್ನು ತಮ್ಮ ಅವಗಾಹನೆಗೆ ತರಲಾಗಿದೆ. ‘ನಾನು’ ಎಂದು ಬರೆಯಲು ಕೈ ಏಳದ ಕಾರಣ ಅರ್ಜಿದಾರನನ್ನು ಬೇರೆ ಯಾರೋ ಎಂಬಂತೆ ‘ಅವನು’ ಎಂದೇ ಬರೆಯಲಾಗಿದ್ದು, ದಯಮಾಡಿ ಮನ್ನಿಸುವುದು.

1. ಅರ್ಜಿದಾರನು ಇಷ್ಟು ವರ್ಷ ಸಂಶೋಧನೆ ಮಾಡಿಯೂ ಒಂದೇ ಒಂದು ಪೋಸ್ಟರನ್ನು ಎಲ್ಲಿಯೂ ತೋರಿಸಿದವನಲ್ಲ. ಈ ಸಲವೂ ತಪ್ಪಿದರೆ ಮಾರ್ಗದರ್ಶಕರು ಅವನನ್ನು ಪ್ರಯೋಗಾಲಯದ ಬಾಟಲಿ ತೊಳೆಯುವ ಕೆಲಸದಲ್ಲೇ ಖಾಯಂ ಮಾಡುವ ಎಲ್ಲ ಲಕ್ಷಣಗಳಿವೆ. ಆದಕಾರಣ ತಮ್ಮ ಸಮ್ಮೇಳನಕ್ಕಾಗಿ ಅವನು ಬಾಯಿ ಬಾಯಿ ಬಿಡುತ್ತಿದ್ದನು.

2. ಹೊಲಿಗೆ ಕೋಣೆಯಲ್ಲಿ ಕಿಟಕಿಯ ಮೇಲೆ ಬಿಳಿ ಟ್ಯೂಬ್‌ಲೈಟೂ ಇಸ್ತ್ರಿ ಮೇಜಿನ ಮೇಲೆ ಹಳದಿ ಬಲ್ಬೂ ಇರುತ್ತವೆ. ಹಲ್ಲಿಗಳು ಯಾವ ದೀಪವನ್ನು ಇಷ್ಟಪಡುತ್ತವೆ ಎಂಬುದೇ ಅಧ್ಯಯನ. ಅರವತ್ತನಾಲ್ಕು ದಿನ, ಸಂಜೆ ಏಳಕ್ಕೆ ಸರಿಯಾಗಿ, ಅರ್ಜಿದಾರನು ಸ್ಟೂಲಿನ ಮೇಲೆ ಕೂತು, ಬಂದ ಹಲ್ಲಿಯ ಫೋಟೋ ತೆಗೆದು, ಫೋಟೋದಲ್ಲಿ ಬಾಲ ಅಳೆದಿರುತ್ತಾನೆ. ದಿನಕ್ಕೊಂದರಂತೆ ಬಂದವು. ಎಲ್ಲವೂ ಬಿಳಿ ದೀಪಕ್ಕೇ ಬಂದವು, ಹಳದಿ ಬಲ್ಬಿನತ್ತ ಒಂದೂ ತಲೆ ಹಾಕಲಿಲ್ಲ. ಇಷ್ಟೇ ಆಗಿದ್ದರೆ ಪೋಸ್ಟರು ಸಪ್ಪೆಯಾಗುತ್ತಿತ್ತು. ಆದರೆ ಮೊದಲ ವಾರದ ಹಲ್ಲಿಗಳಿಗೆ ಬಾಲವೇ ಇರಲಿಲ್ಲ, ಆಮೇಲಿನವಕ್ಕೆ ಗಿಡ್ಡ ಬಾಲ, ಕೊನೆಯವಕ್ಕೆ ಭರ್ತಿ ಬಾಲ. ಗ್ರಾಫ್ ಹಾಕಿದಾಗ ಗೆರೆಯು ಸ್ಕೇಲಿಟ್ಟು ಎಳೆದಂತೆ ಮೇಲಕ್ಕೆ ಹೋಯಿತು.

3. ಅದನ್ನು ಕಂಡು ಮಾರ್ಗದರ್ಶಕರು ಕುರ್ಚಿಯಿಂದ ಎದ್ದು ನಿಂತರು. ಗಿಡ್ಡ ಬಾಲದವು ಮುಂಚೆ ಬಂದು ಜಾಗ ನೋಡಿಕೊಂಡು ಹೋಗುತ್ತವೆ, ಉದ್ದ ಬಾಲದ ಹಿರಿಯರು ಆಮೇಲೆ ಸಾವಕಾಶವಾಗಿ ದಯಮಾಡಿಸುತ್ತಾರೆ ಎಂದು ವಿವರಿಸಿ, ‘ಬಾಲಾನುಕ್ರಮ ಸಿದ್ಧಾಂತ’ ಎಂದು ನಿಂತ ಕಾಲಲ್ಲೇ ಹೆಸರಿಟ್ಟರು. ತದನಂತರ ಪೋಸ್ಟರಿನ ತಯಾರಿ ಭರದಿಂದ ಸಾಗಿ, ಸಂಸ್ಥೆಯ ಲಾಂಛನವನ್ನು ಏಳು ಸಲ ದೊಡ್ಡದು ಮಾಡಿ, ತಮಗೆ ಕಳುಹಿಸಿ 118ನೇ ಸಂಖ್ಯೆಯನ್ನೂ ಪಡೆಯಲಾಯಿತು.

4. ಆಗ ಒಂಬತ್ತನೇ ನಿಯಮ ಅಡ್ಡ ಬಂತು. ಸದರಿ ನಿಯಮದಂತೆ ವಿಜ್ಞಾನ ಓದದ ಒಬ್ಬರಿಗೆ ಪೋಸ್ಟರನ್ನು ಮೂರು ನಿಮಿಷದಲ್ಲಿ ವಿವರಿಸಿ, ‘ಅರ್ಥವಾಯಿತು’ ಎಂಬ ನಮೂನೆಗೆ ಸಹಿ ಪಡೆಯತಕ್ಕದ್ದು. ಮನೆಯಲ್ಲಿ ಅಂಥವರು ಚಿಕ್ಕಮ್ಮ ಒಬ್ಬರೇ. ಅರ್ಜಿದಾರನು ನಮೂನೆಯನ್ನೂ ಪೆನ್ನನ್ನೂ ಒಟ್ಟಿಗೇ ಚಾಚಿದನು. ಸದರಿಯವರು ಹೊಲಿಯುತ್ತಿದ್ದ ಕಾಲರಿನಿಂದ ಕಣ್ಣೆತ್ತಲಿಲ್ಲ.

“ಅರ್ಥ ಆಗದೆ ಸೈನ್ ಹಾಕೋಕೆ ನಾನೇನು ನಿನ್ನ ಗೈಡಾ? ಕೂತ್ಕೊಂಡು ಹೇಳು.”

5. ಹೇಳಲಾಯಿತು. ಮೂರು ನಿಮಿಷಕ್ಕೆ ಬದಲಾಗಿ ಮುಕ್ಕಾಲು ಗಂಟೆ ಹಿಡಿಯಿತು. ಗ್ರಾಫ್ ಬಂದಾಗ ಚಿಕ್ಕಮ್ಮ ಯಂತ್ರ ನಿಲ್ಲಿಸಿದರು.

“ಮೊದಲನೇ ಹಲ್ಲಿ ಬಂದಿದ್ದು ಯಾವತ್ತು?”

“ಶಾಲೆ ಯೂನಿಫಾರ್ಮ್ ಎಲ್ಲ ಕಳಿಸಿದ್ವಲ್ಲ, ಅದರ ಮಾರನೇ ದಿನ.”

“ಕಳಿಸಿದ ದಿನ ಕಿಟಕಿ ಹಾಕುವಾಗ ಅದರ ಬಾಲ ಸಿಕ್ಕಿ ತುಂಡಾಯ್ತು ಕಣೋ. ನನ್ನ ಕೈಯಾರೆ. ಎರಡು ದಿನ ನಂಗೆ ಊಟ ಸೇರಲಿಲ್ಲ.”

“ಯಾವುದರ ಬಾಲ, ಚಿಕ್ಕಮ್ಮ?”

“ನಮ್ಮ ಮೋಟೂದು! ಟ್ಯೂಬ್‌ಲೈಟ್ ಹಿಂದೆ ಇರುತ್ತಲ್ಲ, ಎಡಗಣ್ಣಿನ ಮೇಲೆ ಚುಕ್ಕೆ ಇರೋದು. ಅದೊಂದೇ ಇರೋದು ಈ ಕೋಣೇಲಿ. ಈಗ ಪಾಪ ಬಾಲ ಪೂರ್ತಿ ಬಂದಿದೆ.”

“ಮತ್ತೆ ದಿನಾ ಬಿಳಿ ದೀಪಕ್ಕೇ ಯಾಕೆ ಬರುತ್ತೆ?”

“ಅದರ ಮನೆ ಇರೋದೇ ಅಲ್ಲಿ. ನೀನು ಸಂಜೆ ಮನೆಗೆ ಬರೋದು ಬಲ್ಬಿನ ಬಣ್ಣ ನೋಡ್ಕೊಂಡಾ?”

ಅರ್ಜಿದಾರನು ಫೋಟೋಗಳನ್ನು ಒಂದೊಂದಾಗಿ ಹಿಗ್ಗಿಸಿ ನೋಡಿದನು. ಅರವತ್ತನಾಲ್ಕರಲ್ಲೂ ಎಡಗಣ್ಣಿನ ಮೇಲೆ ಚುಕ್ಕೆ ಇತ್ತು. ನಗು ಬಂದದ್ದು ಚಿಕ್ಕಮ್ಮನಿಗೆ ಮಾತ್ರ, ಅದೂ ಕಣ್ಣಲ್ಲಿ ನೀರು ಬರುವಷ್ಟು.

6. ಮಾರ್ಗದರ್ಶಕರಿಗೆ ಫೋನ್ ಮಾಡಲಾಗಿ, “ಹಲ್ಲಿ ಬಂದು ಹೇಳ್ತಾ, ನಾನೊಬ್ಬನೇ ಅಂತ? ಪಕ್ಕದ ಮನೆಯವರ ಹತ್ರ ಸೈನ್ ಮಾಡಿಸಿ ಕಳಿಸು” ಎಂದು ಸೂಚಿಸಿದರು. ಪಕ್ಕದ ಮನೆಯ ಬಸ್ ಡ್ರೈವರು ಗೇಟಿನ ಬಳಿಯೇ ಸಿಕ್ಕಿ, “ಎಲ್ಲಿ ಹಾಕ್ಬೇಕು ಹೇಳಿ” ಎಂದು ತಮ್ಮದೇ ಪೆನ್ನು ತೆಗೆದರು. ಅರ್ಜಿದಾರನು ಅಲ್ಲಿಯವರೆಗೆ ಹೋಗಿದ್ದನೆಂಬುದನ್ನು ಈ ಮೂಲಕ ಒಪ್ಪಿಕೊಳ್ಳಲಾಗಿದೆ. ಅವನಿಗೆ ಪೋಸ್ಟರು ಬೇಕಾಗಿತ್ತು, ಬಹಳ ಬೇಕಾಗಿತ್ತು. ಆದರೆ ಚಿಕ್ಕಮ್ಮ ಕಿಟಕಿಯಿಂದ ನೋಡುತ್ತಿದ್ದರು. ಅರ್ಧ ಇಂಚು ತಪ್ಪಿದರೂ ಇಡೀ ಅಂಗಿ ಬಿಚ್ಚಿ ಮತ್ತೆ ಹೊಲಿಯುವವರು ಅವರು. ಅರ್ಜಿದಾರನು ನಾಚಿಕೆಪಟ್ಟು, ನಮೂನೆಯನ್ನು ಮಡಚಿ ಜೇಬಿಗಿಟ್ಟುಕೊಂಡು ವಾಪಸಾದನು.

7. ಆದ್ದರಿಂದ ಇಬ್ಬರೂ ಕೂತು ಪೋಸ್ಟರನ್ನು ಬಿಚ್ಚಿ ಹೊಸದಾಗಿ ಮಾಡಿರುತ್ತಾರೆ. ಹೊಸ ಶೀರ್ಷಿಕೆ: ‘ಒಂದು ಹಲ್ಲಿಗೆ ಅರವತ್ತನಾಲ್ಕು ದಿನಗಳಲ್ಲಿ ಬಾಲ ಬಂದ ಬಗೆ’. ಗ್ರಾಫಿನಲ್ಲಿ ಒಂದು ಚುಕ್ಕೆಯನ್ನೂ ಬದಲಿಸಿಲ್ಲ. ಹಲ್ಲಿಯ ಫೋಟೋ ದೊಡ್ಡದಾಗಿ ಕಾಣಲೆಂದು ಲಾಂಛನವನ್ನು ಗುಂಡಿಯಷ್ಟಕ್ಕೆ ಇಳಿಸಲಾಗಿದೆ.

ಈ ಎಲ್ಲ ಕಾರಣಗಳಿಂದ ಪ್ರಾರ್ಥಿಸುವುದೇನೆಂದರೆ:

ಅ) ಅಸ್ತಿತ್ವದಲ್ಲೇ ಇಲ್ಲದ ಅರವತ್ತಮೂರು ಹಲ್ಲಿಗಳನ್ನು ದಾಖಲೆಯಿಂದ ಬಿಡುಗಡೆ ಮಾಡುವುದು.

ಆ) ಚಿಕ್ಕಮ್ಮನನ್ನು ಮೊದಲನೇ ಲೇಖಕರೆಂದು ನಮೂದಿಸುವುದು. ತಮ್ಮ ನೋಂದಣಿ ನಮೂನೆಯ ಉದ್ಯೋಗದ ಪಟ್ಟಿಯಲ್ಲಿ ‘ಪ್ರಾಧ್ಯಾಪಕ, ವಿದ್ಯಾರ್ಥಿ, ಇತರೆ’ ಎಂದಷ್ಟೇ ಇದ್ದು, ‘ಇತರೆ’ ಅನ್ನಿಸಿಕೊಳ್ಳಲು ಅವರು ಸುತರಾಂ ಒಪ್ಪದ ಕಾರಣ ‘ಟೈಲರ್’ ಎಂದು ಸೇರಿಸುವುದು.

ಇ) ಮಾರ್ಗದರ್ಶಕರು ತಮ್ಮ ಹೆಸರನ್ನು ತೆಗೆಯಲು ಸೂಚಿಸಿದ್ದು, ಬಹುಮಾನ ಬಂದಲ್ಲಿ ಮತ್ತೆ ಸೇರಿಸಲೂ ಸೂಚಿಸಿರುತ್ತಾರೆ. ಯುಕ್ತ ಕ್ರಮ ಜರುಗಿಸುವುದು.

ಇನ್ನು ಒಂದೇ ಹಲ್ಲಿಯನ್ನು ನಂಬಿಕೊಂಡಿರುವ,
ತಮ್ಮ ವಿಶ್ವಾಸಿ,
ಅರ್ಜಿದಾರ

ಅಡಕಗಳು:
1. ಹೊಸ ಪೋಸ್ಟರು.
2. ಹಲ್ಲಿಯ ಭಾವಚಿತ್ರ, ಒಂದು (ಹಿಂದೆ ಕಳುಹಿಸಿದ ಅರವತ್ತನಾಲ್ಕೂ ಇದರದ್ದೇ).
3. ಒಂಬತ್ತನೇ ನಿಯಮದ ನಮೂನೆ, ಸಹಿ ಸಹಿತ.

ವಿಶೇಷ ಸೂಚನೆ: ಅಡಕ ಮೂರರಲ್ಲಿ ಚಿಕ್ಕಮ್ಮ ಸಹಿ ಹಾಕಿದ ಬಳಿಕ, “ನಿಂಗೂ ಈಗ ಅರ್ಥ ಆಗಿದ್ರೆ ನೀನೂ ಹಾಕು” ಎಂದು ಪೆನ್ನನ್ನು ಅರ್ಜಿದಾರನ ಕಡೆ ತಳ್ಳಿದರು. ತನ್ನದೇ ಪೋಸ್ಟರು ಅವನಿಗೆ ಅರ್ಥವಾದದ್ದು ಇದೇ ಮೊದಲು. ‘ಅರ್ಥವಾಯಿತು’ ಎಂಬುದರ ಮುಂದೆ ಒಬ್ಬರಿಗೆ ಮಾತ್ರ ಜಾಗ ಬಿಟ್ಟಿರುವುದರಿಂದ ಇಬ್ಬರೂ ಅದರಲ್ಲೇ ಒತ್ತೊತ್ತಾಗಿ ಸಹಿ ಹಾಕಿದ್ದು, ಇದನ್ನು ತಿರಸ್ಕರಿಸದೆ ಅಂಗೀಕರಿಸಬೇಕಾಗಿ ಕೋರಿಕೆ.