ಸೀಟಿ ಮಾಸ್ತರನ ಬಯಲುವಾಸ

ಬಯಲಿನಲ್ಲಿ ಡೇರೆ ಹಾಕಿ ಮಲಗುವವರಿಗೆ ಏನೇನು ಭಯವಿರುತ್ತದೆಂದು ನಾನು ಗೊತ್ತಿದ್ದವರನ್ನೆಲ್ಲ ಕೇಳಿ ನೋಡಿದೆ. ಒಬ್ಬರು ಹಾವು ಎಂದರು, ಇನ್ನೊಬ್ಬರು ಚೇಳು ಎಂದರು. ನಮ್ಮ ಶಾಲೆಯ ಡ್ರಿಲ್ ಮಾಸ್ತರರು ದೆವ್ವ ಎಂದು ಹೇಳಿ, ಹೇಳಿದ ಮೇಲೆ ತಾವೇ ಒಮ್ಮೆ ಹಿಂದಕ್ಕೆ ತಿರುಗಿ ನೋಡಿದರು. ನನಗೆ ಇವು ಯಾವುವೂ ದೊಡ್ಡವೆನಿಸಲಿಲ್ಲ. ಹಾವು ಕಚ್ಚಿದರೆ ಜನ ಅಯ್ಯೋ ಪಾಪ ಅನ್ನುತ್ತಾರೆ, ಚೇಳು ಕುಟುಕಿದರೆ ಆಳಿಗೊಂದು ಔಷಧಿ ಹೇಳುತ್ತಾರೆ, ದೆವ್ವ ಹಿಡಿದರಂತೂ ಮರ್ಯಾದೆಯೇ ಹೆಚ್ಚುತ್ತದೆ. ನನಗಿದ್ದ ಭಯ ಬೆಳಗಿನದು. ರಾತ್ರಿ ಹೇಗೋ ಕಳೆದೀತು. ಎದ್ದ ಕೂಡಲೇ ಮನುಷ್ಯನಾದವನಿಗೆ ಒಂದು ಕೆಲಸ ಇರುತ್ತದಲ್ಲ, ಅದನ್ನು ಎಲ್ಲಿ ಮುಗಿಸುವುದು? ನಗಬೇಡಿ. ನೀವು ನನ್ನ ಹಾಗೆ ಯಾದಗಿರಿ ಜಿಲ್ಲೆಯ ಹಳ್ಳಿಯಲ್ಲಿ ಮಾಸ್ತರಿಕೆ ಮಾಡಿದವರಲ್ಲ, ಅದಕ್ಕೇ ನಿಮಗೆ ನಗು ಬರುತ್ತದೆ.

ಡೇರೆಯ ಹುಚ್ಚು ನನ್ನದಲ್ಲ, ನನ್ನ ಹೆಂಡತಿ ಸುವರ್ಣಾಳದು. ಯಾರೋ ಗಂಡ ಹೆಂಡತಿ ವ್ಯಾನಿನೊಳಗೇ ಹಾಸಿಗೆ, ಒಲೆ ಇಟ್ಟುಕೊಂಡು ಊರೂರು ಅಲೆಯುವುದನ್ನು ಮೊಬೈಲಿನಲ್ಲಿ ನೋಡಿ ನೋಡಿ, ಶಹಾಪುರದ ನಮ್ಮ ಬಾಡಿಗೆ ಮನೆ ಅವಳಿಗೆ ಇಕ್ಕಟ್ಟೆನಿಸತೊಡಗಿತು. ವ್ಯಾನು ನಮ್ಮ ಕೈಗೆ ಎಟುಕುವಂಥದಲ್ಲ. ಹಾಗಾಗಿ ಒಂದು ದಿನ ಹಸಿರು ಡೇರೆಯೊಂದು ಮನೆಗೆ ಬಂತು. ನಮ್ಮ ಅತ್ತೆಯವರು ಅದನ್ನು ಪಡಸಾಲೆಯಲ್ಲಿ ಬಿಚ್ಚಿಸಿ, ಸುತ್ತಲೂ ಒಂದು ಪ್ರದಕ್ಷಿಣೆ ಹಾಕಿ, "ಬ್ಯಾಸಗ್ಯಾಗ ಊರಿಗೂರೇ ಮಾಳಗಿ ಮ್ಯಾಲೆ ಮಲಗ್ತದ. ಬೈಲಾಗ ಮಲಗಾಕ ಹೋಗಿ ಮತ್ತ ಇದರೊಳಗ ಹೊಕ್ಕೋಳೋದು ಯಾತಕವ್ವಾ?" ಎಂದರು. ಸುವರ್ಣಾ ಅಂಗನವಾಡಿಗಳ ಮೇಲ್ವಿಚಾರಕಿ. ನಿಯಮಗಳಿಲ್ಲದ ಸಂತೋಷ ಅವಳಿಗೆ ರುಚಿಸುವುದಿಲ್ಲ. ಹೊಲದ ಯಜಮಾನನನ್ನು ಕೇಳಿಯೇ ಇಳಿಯಬೇಕು, ನೆಲದ ಮೇಲೆ ಬೆಂಕಿ ಮಾಡಬಾರದು, ಕಸಕಡ್ಡಿಯನ್ನೆಲ್ಲ ಚೀಲಕ್ಕೆ ತುಂಬಿ ವಾಪಸು ತರಬೇಕು ಎಂದಳು. "ನಾವು ಬಂದಿದ್ವಿ ಅಂತ ಆ ನೆಲಕ್ಕ ಸುದ್ದಾ ಗೊತ್ತಾಗಬಾರ್ದು. ಏನೂ ಬಿಟ್ಟು ಬರೂದಿಲ್ಲ." ನಾನು ಧೈರ್ಯ ಮಾಡಿ ಬೆಳಗಿನ ವಿಷಯ ಎತ್ತಿದೆ. ಅವಳು ಚೀಲದಿಂದ ಹೊಸ ಕುರ್ಪಿಯೊಂದನ್ನು ತೆಗೆದು ನನ್ನ ಕೈಗಿಟ್ಟಳು. ನೀರಿನಿಂದಲೂ ದಾರಿಯಿಂದಲೂ ದೂರ ಹೋಗಿ, ಗೇಣು ಆಳದ ಗುಂಡಿ ತೋಡಿ, ಕೆಲಸವಾದ ಮೇಲೆ ಮುಚ್ಚಿ ಬರಬೇಕಂತೆ. ಕಳೆ ಕೀಳುವ ಆ ಬಡಪಾಯಿ ಕುರ್ಪಿಯ ಮೊನೆಯನ್ನು ಬೆರಳಿನಿಂದ ಮುಟ್ಟಿ ನೋಡಿದೆ.

ಹೊಲ ಹುಡುಕುವುದೂ ನನ್ನ ಪಾಲಿಗೇ ಬಂತು. ಮುದನಾಳದಿಂದ ಬರುವ ಸಹೋದ್ಯೋಗಿಯೊಬ್ಬರನ್ನು ಕೇಳಿದೆ. ಅವರ ಮುಖ ಕಪ್ಪಿಟ್ಟಿತು. "ಮನಿ ಇಟ್ಕೊಂಡು ನಿಮ್ಮನ್ನ ಹೊಲದಾಗ ಮಲಗಸ್ಬೇಕೇನ್ರಿ? ಮಂದಿ ನಮಗೇನಂದಾರು?" ಎಂದವರು, ಸ್ವಲ್ಪ ತಡೆದು, ದನಿ ತಗ್ಗಿಸಿ, "ಮನ್ಯಾಗ ಏನರ ಜಗಳಾ ಆಗ್ಯಾದೇನ್ರಿ?" ಎಂದರು. ಹುಣಸಗಿಯ ಗೆಳೆಯನ ಹೊಲಕ್ಕೆ ಕಾಲುವೆ ನೀರು ಬಿಟ್ಟಿದ್ದರು; ಭತ್ತದ ಗದ್ದೆಯಲ್ಲಿ ಡೇರೆ ತೇಲೀತೇ ಹೊರತು ನಿಲ್ಲಲಾರದು. ಕೊನೆಗೆ ಉಳಿದವನು ದೇವಿಂದ್ರಪ್ಪ. ಸುರಪುರ ರಸ್ತೆಯ ಒಂದು ಹಳ್ಳಿಯವನು. ಹಳ್ಳಿಯ ಹೆಸರು ಹೇಳುವುದಿಲ್ಲ, ಅಲ್ಲಿಯವರು ಇದನ್ನು ಓದಿಬಿಟ್ಟರೆ ಕಷ್ಟ. ಅವನ ಹೆಸರು ನೆನಪಾದ ಕೂಡಲೇ ನನ್ನ ಭಯ ಎರಡರಷ್ಟಾಯಿತು. ಯಾಕೆಂದು ಹೇಳಬೇಕು.

ಆ ಹಳ್ಳಿಯ ಶಾಲೆಯಲ್ಲಿ ನಾನು ಕೆಲವು ವರ್ಷ ವಿಜ್ಞಾನ ಕಲಿಸುತ್ತಿದ್ದೆ. ಅದು ಊರೂರಲ್ಲಿ ಸಂಡಾಸ್ ಕಟ್ಟಿಸುತ್ತಿದ್ದ ಕಾಲ. ಜನ ನೀರಿನ ಚರಗಿ ಹಿಡಿದು ಬಯಲಿಗೆ ಹೋಗದಂತೆ ಮಾಸ್ತರರು ನಸುಕಿನಲ್ಲೇ ಊರ ಹೊರಗೆ ನಿಂತು ಸೀಟಿ ಊದಬೇಕೆಂದು ಮೇಲಿನಿಂದ ಮಾತು ಬಂತು. ಉಳಿದವರು ಸೀಟಿಯನ್ನು ಜೇಬಿನಲ್ಲಿಟ್ಟುಕೊಂಡು ಚಹಾದ ಅಂಗಡಿಯಲ್ಲಿ ಕುಳಿತರು. ನನಗೆ ಮಾತ್ರ ಅದು ದೇಶಸೇವೆಯೆನಿಸಿತು. ಊದಿದೆ. ಜಾಲಿ ಗಿಡದ ಮರೆಯಿಂದ, ಬಂಡೆಗಳ ಸಂದಿಯಿಂದ ಊರ ಹಿರಿಯರು ಧೋತರ ಎತ್ತಿಕೊಂಡು ಓಡುವವರೆಗೂ ಊದಿದೆ. ಊರು ನನಗೆ ಸೀಟಿ ಮಾಸ್ತರ ಎಂದು ಹೆಸರಿಟ್ಟಿತು, ನಾನು ಅದನ್ನು ಬಿರುದೆಂದೇ ತಿಳಿದೆ. ಓಡದೆ ಉಳಿದವನು ದೇವಿಂದ್ರಪ್ಪ ಒಬ್ಬನೇ. ದೊಡ್ಡ ಬಂಡೆಯೊಂದರ ಹಿಂದಿನಿಂದ ಕುತ್ತಿಗೆಯಷ್ಟನ್ನೇ ಮೇಲೆತ್ತಿ, ಬಲು ಶಾಂತವಾಗಿ, "ಸರ, ಸೀಟಿ ಊದಿದ್ರ ಬಸ್ಸು ನಿಲ್ತದ. ಇದು ನಿಲ್ತದೇನ್ರಿ?" ಎಂದು ಕೇಳಿದ. ನನ್ನ ವಿಜ್ಞಾನದಲ್ಲಿ ಇದಕ್ಕೆ ಉತ್ತರವಿರಲಿಲ್ಲ. ಇನ್ನೊಮ್ಮೆ ಊದಿದೆ.

ಅಂಥ ಊರಿನಲ್ಲಿ, ಅಂಥವನ ಹೊಲದಲ್ಲಿ, ಕೈಯಲ್ಲಿ ಕುರ್ಪಿ ಹಿಡಿದು ಯಾರ ಕಣ್ಣಿಗಾದರೂ ಬಿದ್ದರೆ ನನ್ನ ಗತಿಯೇನು? ದೇವಿಂದ್ರಪ್ಪನ ಮನೆಯಲ್ಲಿ ಈಗ ಸಂಡಾಸ್ ಇದ್ದೀತು. ಆದರೆ ಯಾವ ಬಾಯಿಂದ ಕೇಳುವುದು? ಅವನೇನೋ ಸಂತೋಷದಿಂದ ಒಪ್ಪಿದ. ಊರಿಗೆ ಹತ್ತಿರದಲ್ಲೇ, ಬಂಡೆಗುಡ್ಡದ ಬುಡದಲ್ಲಿ ಅವನ ಹೊಲ ತೊಗರಿ ಕೊಯ್ದು ಖಾಲಿ ಬಿದ್ದಿತ್ತು. ನಾವು ಏನೂ ಬಿಡದೆ ಹೋಗುತ್ತೇವೆಂದು ಸುವರ್ಣಾ ಹೆಮ್ಮೆಯಿಂದ ಹೇಳಿದಾಗ ಮಾತ್ರ ಅವನಿಗೆ ನಿರಾಸೆಯಾದಂತೆ ಕಂಡಿತು. "ಅಲ್ರಿ ಅಕ್ಕಾರ, ಕುರಿ ಹಿಂಡನ್ನ ಹೊಲದಾಗ ರಾತ್ರಿ ಯಾಕ ನಿಲ್ಲಸ್ತೀವಿ? ಹೊಲಕ್ಕ ಗೊಬ್ಬರ ಆಗ್ತದಂತ, ಕುರುಬರಿಗೆ ನಾವೇ ಜ್ವಾಳ ಕೊಟ್ಟು ಕರಕೊಂಬರ್ತೀವಿ. ರಾತ್ರಿ ಮಲಗಿ, ಏನೂ ಬಿಡದಂಗ ಹೋಗೋರು ನಮ್ಮ ಹೊಲಕ್ಕ ಬಂದದ್ದು ನೀವಾ ಮೊದಲು ನೋಡ್ರಿ," ಎಂದ. ಸೀಟಿಯ ಮಾತನ್ನು ಅವನು ಎತ್ತಲೇ ಇಲ್ಲ. ಎತ್ತಿ ನಕ್ಕುಬಿಟ್ಟಿದ್ದರೆ ನನಗೆಷ್ಟೋ ಸಮಾಧಾನವಾಗುತ್ತಿತ್ತು.

ರಾತ್ರಿ ಕಡಿಮೆ ತಿಂದರೆ ಬೆಳಿಗ್ಗೆ ಪ್ರಶ್ನೆಯೇ ಏಳುವುದಿಲ್ಲವೆಂಬುದು ನನ್ನ ಗುಟ್ಟಿನ ಲೆಕ್ಕಾಚಾರ. ಡೇರೆ ಹಾಕಿ ಮುಗಿಸುವಷ್ಟರಲ್ಲಿ ದೇವಿಂದ್ರಪ್ಪ ಮತ್ತು ಅವನ ಹೆಂಡತಿ ಭೀಮವ್ವ ಬುಟ್ಟಿ ಹೊತ್ತು ಬಂದರು. ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ, ಗಡಿಗೆ ತುಂಬ ಮಜ್ಜಿಗೆ. ನಮ್ಮ ಕಡೆ ಊಟಕ್ಕೆ ಕುಳಿತವನು ಸಾಕು ಎಂದರೆ ಇನ್ನೊಂದು ಎಂದೇ ಅರ್ಥ. ನಾನು ಕೈ ಅಡ್ಡ ಹಿಡಿದೆ, ಎಲೆಯ ಮೇಲೆ ಬಾಗಿದೆ, ಡಾಕ್ಟರರ ಹೆಸರು ಹೇಳಿದೆ. ಭೀಮವ್ವ ಯಾವುದಕ್ಕೂ ಜಗ್ಗಲಿಲ್ಲ. "ತಿನ್ರಿ ಸರ, ಜ್ವಾಳದ ರೊಟ್ಟಿ ಹೊಟ್ಯಾಗ ಕುಂದ್ರಂಗಿಲ್ಲ, ಮುಂಜಾನಿಗಿ ಹಗರ ಆಗ್ತದ," ಎಂದಳು. ನನಗಿದ್ದ ಭಯವೂ ಅದೇ ಎಂದು ಅವಳಿಗೆ ಹೇಗೆ ಹೇಳುವುದು? ಒಂದೊಂದು ತುತ್ತೂ ನಾಳೆಯ ಬೆಳಗನ್ನು ಒಂದೊಂದು ಹೆಜ್ಜೆ ಹತ್ತಿರಕ್ಕೆ ಕರೆಯುತ್ತಿರುವಂತೆ ನುಂಗಿದೆ. ಹೊರಡುವಾಗ ಭೀಮವ್ವ ಮತ್ತು ಸುವರ್ಣಾ ಸ್ವಲ್ಪ ಆಚೆ ನಿಂತು ಏನೋ ಪಿಸುಗುಟ್ಟಿದರು. ಆಮೇಲೆ ಸುವರ್ಣಾ ನಿಶ್ಚಿಂತೆಯಿಂದ ನಿದ್ದೆ ಹೋದಳು. ನಾನು ಬೆನ್ನಿಗೆ ಚುಚ್ಚುವ ತೊಗರಿ ಕೂಳೆಗಳ ಮೇಲೆ ಹೊರಳುತ್ತ, ಹೊಟ್ಟೆಯೊಳಗಿನ ಪ್ರತಿಯೊಂದು ಸಪ್ಪಳಕ್ಕೂ ಬೆವತೆ.

ಬೆಳಕು ಹರಿಯುವ ಮೊದಲೇ ಎದ್ದೆ. ಪಕ್ಕದಲ್ಲಿ ಸುವರ್ಣಾ ಇರಲಿಲ್ಲ. ಅವಳೂ ನನ್ನಂತೆಯೇ ಜಾಗ ಹುಡುಕಲು ಹೋಗಿರಬೇಕೆಂದುಕೊಂಡೆ. ಚರಗಿ ಹಿಡಿದರೆ ಜನಕ್ಕೆ ತಿಳಿದೀತೆಂದು ನೀರಿನ ಬಾಟಲಿ ಹಿಡಿದು, ಕುರ್ಪಿಯನ್ನು ಶಾಲಿನೊಳಗೆ ಬಚ್ಚಿಟ್ಟು ಹೊರಟೆ. ಒಂದು ಕಡೆ ದಾರಿ, ಒಂದು ಕಡೆ ಹಳ್ಳ, ಇನ್ನೊಂದು ಕಡೆ ನಾಯಿ. ಹುಡುಕಿ ಹುಡುಕಿ ಸಿಕ್ಕ ಮರೆ, ದೇವಿಂದ್ರಪ್ಪ ಅಂದು ಕುತ್ತಿಗೆ ಎತ್ತಿದ್ದ ಅದೇ ಬಂಡೆ. ಯೋಚಿಸಲು ಸಮಯವಿರಲಿಲ್ಲ. ಕುಳಿತು ಅಗೆಯತೊಡಗಿದೆ. ನಮ್ಮ ಎರೆ ಮಣ್ಣು ಒಣಗಿತೆಂದರೆ ಕಬ್ಬಿಣ. ಕುರ್ಪಿ ಠಣ್ ಠಣ್ ಎಂದಿತು, ಬಂಡೆಗಳೆಲ್ಲ ಅದನ್ನು ತಿರುಗಿ ಹೇಳಿದವು.

"ಯಾರದು? ಏನ್ ಅಗ್ಯಾಕತ್ತೀರಿ ಅಲ್ಲಿ?" ಎಂಬ ದನಿಯೊಂದಿಗೆ ಬ್ಯಾಟರಿಯ ಬೆಳಕು ಬಿತ್ತು. ಪಕ್ಕದ ಹೊಲದ ಮೈಬೂಬ್ ಸಾಬ, ಪಂಪಿನ ಸ್ವಿಚ್ಚು ಹಾಕಲು ಬಂದವನು. ಸುರಪುರದ ಸುತ್ತಿನ ಬಂಡೆಗಳ ಬುಡದಲ್ಲಿ ಅರಸರ ಕಾಲದ ಹೊನ್ನು ಹೂತಿದೆಯೆಂದು ನಂಬಿ, ಕತ್ತಲಲ್ಲಿ ಅಗೆಯಲು ಬರುವವರು ಇನ್ನೂ ಇದ್ದಾರೆ. ಊರವರ ಕೈಗೆ ಸಿಕ್ಕರೆ ಅವರನ್ನು ಮೊದಲು ಕಂಬಕ್ಕೆ ಕಟ್ಟಿ, ಆಮೇಲೆ ವಿಚಾರಿಸುವುದು ವಾಡಿಕೆ.

"ನಿಧಿ ತೆಗ್ಯಾಕ ಬಂದೀರೇನು?"

"ಇಲ್ರಿ, ನಿಧಿ ಅಲ್ರಿ."

"ಮತ್ತ ಗುಂಡಿ ಯಾತಕ?"

"ಮುಚ್ಚಾಕ್ರಿ."

"ಏನ್ ಮುಚ್ಚಾಕ?" ಅವನು ಒಂದು ಹೆಜ್ಜೆ ಹಿಂದೆ ಸರಿದ. ನಿಧಿಗಿಂತ ಭಯಂಕರವಾದದ್ದೇನೋ ಅವನ ಕಣ್ಣಮುಂದೆ ಬಂದಿರಬೇಕು.

ಒಂದು ಕ್ಷಣ, ನಿಧಿ ಕದಿಯಲೆಂದೇ ಬಂದೆನೆಂದು ಒಪ್ಪಿಕೊಂಡುಬಿಡಲೇ ಎಂದು ನಾನು ನಿಜವಾಗಿಯೂ ಯೋಚಿಸಿದೆ. ನಿಧಿಗಳ್ಳ ಎಂಬ ಮಾತಿಗೆ ಒಂದು ಗತ್ತಾದರೂ ಇದೆ. ಅಷ್ಟರಲ್ಲಿ ಬೆಳಕು ನನ್ನ ಮುಖಕ್ಕೆ ಬಿತ್ತು. "ಅರೆ! ಸೀಟಿ ಮಾಸ್ತರ!" ಬೆಳಕು ಬಾಟಲಿಗೆ ಇಳಿಯಿತು, ಕುರ್ಪಿಗೆ ಬಂತು, ಗುಂಡಿಯನ್ನು ನೋಡಿತು. "ತೌಬಾ, ತೌಬಾ. ನೀವಾ ಸರ?" ಎಂದ. ಕುಚೋದ್ಯವಿದ್ದರೆ ತಡೆದುಕೊಳ್ಳುತ್ತಿದ್ದೆ. ಆ ದನಿಯಲ್ಲಿ ದುಃಖವಿತ್ತು.

ಅವನು ಫೋನು ಮಾಡಿದ್ದೇ ತಡ, ದೇವಿಂದ್ರಪ್ಪ ಬೈಕಿನಲ್ಲಿ ಬಂದ. ಈಗ ಇವನು ಬಡ್ಡಿ ಸಮೇತ ತೀರಿಸಿಕೊಳ್ಳುತ್ತಾನೆಂದು ನಾನು ತಲೆ ತಗ್ಗಿಸಿದೆ. ಅವನು ನನ್ನ ಕೈ ಹಿಡಿದುಕೊಂಡ. "ಎಂಥಾ ಮಾತ್ರಿ ಸರ! ನಿಮ್ಮ ಸೀಟಿ ಕೇಳಿ ಕೇಳಿ ಸಂಡಾಸ್ ಕಟ್ಟಿಸೀನಿ, ನೀಲಿ ಟೈಲ್ಸ್ ಹಾಕಿಸೀನಿ. ನೀವಾ ಬೈಲಾಗ ಕುಂತ್ರ ನನ್ನ ಇಜ್ಜತ್ ಏನ್ ಉಳೀತದ? ಹತ್ರಿ ಗಾಡಿ." ಹತ್ತಿದೆ. ಊರೊಳಗೆ ಬೈಕು ನಿಧಾನವಾಗಿ ಸಾಗಿತು. ಕಟ್ಟೆಗಳ ಮೇಲೆ ಕುಳಿತಿದ್ದವರಿಗೆಲ್ಲ ಅವನು ಅಭಿಮಾನದಿಂದ ಕೂಗಿ ಹೇಳುತ್ತಿದ್ದ: "ನಮ್ಮ ಸೀಟಿ ಮಾಸ್ತರ್ರು! ನಮ್ಮ ಮನಿ ಸಂಡಾಸಿಗೆ ಹೊಂಟಾರ!" ಒಂದು ಕಾಲಕ್ಕೆ ಧೋತರ ಎತ್ತಿಕೊಂಡು ಓಡಿದ್ದ ಹಿರಿಯರು ಎದ್ದು ನಿಂತು ನಮಸ್ಕಾರ ಮಾಡಿದರು. ನಾನು ಕುರ್ಪಿ ಹಿಡಿದ ಕೈಯಿಂದಲೇ ನಮಸ್ಕರಿಸಿದೆ. ಕೆಲವರು ಹಿಂದೆಯೇ ನಡೆದು ಬಂದರು.

ದೇವಿಂದ್ರಪ್ಪನ ಮನೆಯ ಕಟ್ಟೆಯ ಮೇಲೆ ಸುವರ್ಣಾ ಮುಖ ತೊಳೆದು, ತಲೆ ಬಾಚಿ, ಚಹಾ ಕುಡಿಯುತ್ತ ಕುಳಿತಿದ್ದಳು. ರಾತ್ರಿಯ ಪಿಸುಮಾತಿನ ಅರ್ಥ ನನಗೆ ಆಗ ಹೊಳೆಯಿತು. "ಹತ್ರ ಸಂಡಾಸ್ ಇದ್ರ ಅದನ್ನೇ ಬಳಸಬೇಕು, ಇಲ್ದಾಗ ಮಾತ್ರ ಗುಂಡಿ. ನಿಯಮದಾಗ ಅದ," ಎಂದಳು.

"ನನಗ್ಯಾಕ ಹೇಳಲಿಲ್ಲ?"

"ಊರಿಗೆಲ್ಲಾ ಸೀಟಿ ಊದಿ ಹೇಳಿದೋರಿಗೆ ನಾ ಏನ್ ಹೇಳ್ಲಿ?"

ನೀಲಿ ಟೈಲ್ಸು ನಿಜಕ್ಕೂ ಚೆನ್ನಾಗಿದ್ದವು. ಭೀಮವ್ವ ಬಕೆಟ್ಟಿಗೆ ಬಿಸಿನೀರು ತುಂಬಿ, ಹೊಸ ಸೋಪು ಬಿಚ್ಚಿಟ್ಟಿದ್ದಳು. ಚಿಲಕ ಹಾಕಿಕೊಂಡೆ. ಹೊರಗೆ ಜನ ಮಾತಾಡುವುದು, ಮಂಚ ಎಳೆಯುವುದು ಕೇಳುತ್ತಿತ್ತು. "ಏ, ಸುಮ್ಮಕಿರ್ರೋ," ಎಂದು ದೇವಿಂದ್ರಪ್ಪ ಎಲ್ಲರನ್ನೂ ಗದರಿಸಿ, ಬಾಗಿಲಿನ ಹತ್ತಿರ ಬಂದು, "ಆರಾಮ ಕುಂದ್ರರಿ ಸರ, ಗಡಿಬಿಡಿ ಇಲ್ಲ. ನಾವೆಲ್ಲಾ ಇಲ್ಲೇ ಅದೀವಿ," ಎಂದ. ಆಮೇಲೆ ಊರೇ ಮೌನವಾಯಿತು. ಅಷ್ಟು ವರ್ಷಗಳ ಹಿಂದೆ ಬಂಡೆಯ ಹಿಂದಿನಿಂದ ಅವನು ಕೇಳಿದ್ದ ಪ್ರಶ್ನೆಗೆ ನನಗೆ ಆ ಮೌನದಲ್ಲಿ ಉತ್ತರ ಸಿಕ್ಕಿತು. ನಿಲ್ತದ, ದೇವಿಂದ್ರಪ್ಪ. ಸೀಟಿ ಸುದ್ದಾ ಬೇಕಾಗೂದಿಲ್ಲ.

ಬಕೆಟ್ಟಿನ ನೀರನ್ನೆಲ್ಲ ಸದ್ದಾಗುವಂತೆ ಸುರಿದು ಹೊರಗೆ ಬಂದೆ. "ಆತೇನ್ರಿ ಸರ?" ಎಂದು ದೇವಿಂದ್ರಪ್ಪ ಕಾತರದಿಂದ ಕೇಳಿದ. "ಆತು," ಎಂದೆ. ಎಲ್ಲರ ಮುಖದಲ್ಲೂ ಗೆಲುವು ಕಂಡಿತು. ಡೇರೆ ಮಡಚಿ, ಗುಂಡಿ ಮುಚ್ಚಿ, ಹೊಲವನ್ನು ಮೊದಲಿನಂತೆಯೇ ಮಾಡಿ ನಮ್ಮ ಬೈಕಿನಲ್ಲಿ ಹೊರಟೆವು. ನಾವು ಬಂದದ್ದು ನೆಲಕ್ಕೆ ಗೊತ್ತಾಗಲಿಲ್ಲ. ನೆಲವೊಂದನ್ನು ಬಿಟ್ಟು ಉಳಿದವರಿಗೆಲ್ಲ ಗೊತ್ತಾಯಿತು. ಹೊಲದಲ್ಲಾಗಲಿ ಊರಲ್ಲಾಗಲಿ ಏನನ್ನೂ ಬಿಡದೆ, ನಿಯಮವನ್ನು ನನ್ನಷ್ಟು ಕಟ್ಟುನಿಟ್ಟಾಗಿ ಪಾಲಿಸಿದವರು ಬೇರೆ ಯಾರೂ ಇರಲಾರರು. ದಾರಿಯುದ್ದಕ್ಕೂ ಸುವರ್ಣಾ ಹಿಂದಿನ ಸೀಟಿನಿಂದ, "ಮುಂದಿನ ಸಲ ಎಲ್ಲಿಗೆ ಹೋಗೋಣು?" ಎಂದು ಕೇಳುತ್ತಲೇ ಇದ್ದಳು. ನಾನು ಉತ್ತರ ಕೊಡುವ ಸ್ಥಿತಿಯಲ್ಲಿರಲಿಲ್ಲ. ಊರು ದಾಟಿ, ಸೇತುವೆ ದಾಟಿ, ಕೇಳುವವರು ಯಾರೂ ಇಲ್ಲದಾದ ಕೂಡಲೇ, ನಿಂತದ್ದು ಮತ್ತೆ ಹೊರಟಿತ್ತು. ಹಲ್ಲು ಕಚ್ಚಿ, ಬೈಕನ್ನು ಶಹಾಪುರದತ್ತ ಇನ್ನಷ್ಟು ಜೋರಾಗಿ ಓಡಿಸಿದೆ.